ಬಲ ಅಂಗಾಲಿನ ಕಪ್ಪು ಚುಕ್ಕೆ

ಸುಗಟೂರು,
ಸೋಮವಾರ, 9 ಜೂನ್ 2025

ಮಾಲೂರಿನಲ್ಲಿ ಮೂತಿ ಊದಿಸಿಕೊಂಡು ಕೂತಿರುವ ತಂಗಿ ಗಂಗಾಲಕ್ಷ್ಮಿಗೆ, ಅಣ್ಣನ ಆಶೀರ್ವಾದಗಳು.

ಡೈರಿ ಚನ್ನರಾಯಪ್ಪ ನಮ್ಮನ್ನು ಕೋಲಾರದ ಬಸ್ಸಿನಲ್ಲಿ ನೋಡಿ ನಿನಗೆ ಸುದ್ದಿ ಮುಟ್ಟಿಸಿದ್ದಾನೆ. ನೀನು ಫೋನ್ ಮೇಲೆ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದರೆ ನೀನು ಅಳುತ್ತೀಯ, ನೀನು ಅತ್ತರೆ ನಾನೂ ಅಳುತ್ತೇನೆ, ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು ತೆಲುಗಿನಲ್ಲಿ ಶುರುಮಾಡುತ್ತಾಳೆ. ಆದ್ದರಿಂದ ಕಾಗದ. ಕಾಗದದ ಮೇಲೆ ನಾನು ಬಹಳ ಧೈರ್ಯವಂತ.

ಹೋದ ವರ್ಷ ನನ್ನ ಎಡ ಅಂಗಾಲಿನ ಮಚ್ಚೆ ಮೆಲನೋಮ, ಅಂದರೆ ಚರ್ಮದ ಕ್ಯಾನ್ಸರ್ ಎಂದು ಕೊಯ್ದು ತೆಗೆದರಲ್ಲ, ಅಂದಿನಿಂದ ಡಾಕ್ಟರಮ್ಮನ ಅಪ್ಪಣೆ: ತಿಂಗಳಿಗೊಮ್ಮೆ ನೆತ್ತಿಯಿಂದ ಅಂಗಾಲಿನವರೆಗೆ ಚರ್ಮ ನೋಡಿಕೊಳ್ಳಬೇಕು. ಹೊಸ ಮಚ್ಚೆ ಬಂತೇ, ಹಳೆಯದರ ಬಣ್ಣ ತಿರುಗಿತೇ, ತೊಡೆಸಂದಿನಲ್ಲಿ ಗಂಟೇನಾದರೂ ಸಿಕ್ಕಿತೇ? ಸ್ವಂತ ಬೆನ್ನನ್ನು ನೋಡಿಕೊಳ್ಳುವ ವಿದ್ಯೆಯನ್ನು ದೇವರು ಗೂಬೆಗೆ ಕೊಟ್ಟ, ನನಗೆ ಕೊಡಲಿಲ್ಲ. ಹಾಗಾಗಿ ಬೆನ್ನಿನ ಖಾತೆ ನಿನ್ನತ್ತಿಗೆ ಸರಳಾಳದು.

ಆ ವೈಭವವನ್ನು ನೀನು ನೋಡಬೇಕು. ರೇಷ್ಮೆಹುಳುವಿಗೆ ಸೊಪ್ಪು ಹಾಕಿ ಮುಗಿಸಿದವಳು ಅದೇ ಗಾಂಭೀರ್ಯದಿಂದ ನನ್ನ ಕಡೆ ತಿರುಗುತ್ತಾಳೆ. ಕಿಟಕಿಯ ಬೆಳಕಿಗೆ ಚಾಪೆ ಹಾಸಿ ಬೋರಲು ಮಲಗಿಸುತ್ತಾಳೆ. ಮೊಬೈಲಿನಲ್ಲಿ ಹೋದ ತಿಂಗಳ ಬೆನ್ನು, ಚಾಪೆಯ ಮೇಲೆ ಈ ತಿಂಗಳ ಬೆನ್ನು. ನಮ್ಮ ಜಮೀನಿನ ಸರ್ವೆಗೆ ಬಂದವರೂ ಇಷ್ಟು ನಿಷ್ಠೆ ತೋರಿಸಿರಲಿಲ್ಲ.

"ಅಲ್ಲಾಡ್ಬೇಡಿ ಅಂದ್ರೆ ಅಲ್ಲಾಡ್ತೀರಲ್ಲ, ಫೋಟೋ ಮಸುಕಾಯ್ತು!"

"ಕಚಗುಳಿ ಆಗುತ್ತೆ ಕಣೇ."

"ಆಗ್ಲಿ."

ಹೋದ ಗುರುವಾರ ಬಲ ಅಂಗಾಲಿಗೆ ಬಂದವಳು ಮೊಬೈಲನ್ನು ಕಾಲಿನ ಪಕ್ಕಕ್ಕೇ ಹಿಡಿದು ಹೋಲಿಸಿದಳು. ಅಂಗಾಲಿನ ಗುಳಿಯಲ್ಲಿ ಕಡಲೆಕಾಳಿನಷ್ಟು ಚುಕ್ಕೆ, ಕರ್ರಗೆ. ಹೋದ ತಿಂಗಳ ಫೋಟೋದಲ್ಲಿ ಇಲ್ಲ.

ಗಂಗಾ, ಅದು ಮತ್ತೆ ಬಂದರೆ ಮುಂದೇನು ಎಂದು ಡಾಕ್ಟರಮ್ಮನನ್ನು ಕೇಳುವ ಧೈರ್ಯವನ್ನು ನಾನು ಇಷ್ಟು ದಿನವೂ ಮಾಡಿರಲಿಲ್ಲ.

ಮಚ್ಚೆಯನ್ನು ಉಜ್ಜಬಾರದು, ಕೆರೆಯಬಾರದು ಎಂದು ಅವರು ಹೇಳಿದ್ದರಿಂದ ಇಬ್ಬರೂ ಅದನ್ನು ಬೆರಳಲ್ಲೂ ಮುಟ್ಟಲಿಲ್ಲ. ಮರುದಿನ ಪಾದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಸ್ನಾನ ಮಾಡಿದೆ. ಅಮ್ಮನಿಗೆ ಮಾಮೂಲಿ ಚೆಕಪ್ಪು ಎಂದೆವು. "ನಾನೂ ಬರ್ತೀನಿ" ಎಂದು ಸೀರೆ ಬದಲಾಯಿಸಿಕೊಂಡು ಹೊರಟೇಬಿಟ್ಟಳು. ಬಸ್ಸಿನಲ್ಲಿ ನನ್ನ ಬಲಗಾಲು ಎಡ ತೊಡೆಯ ಮೇಲೆ, ದೇವರ ಉತ್ಸವಮೂರ್ತಿಯ ಹಾಗೆ.

ಡಾಕ್ಟರಮ್ಮ ದೀಪವಿರುವ ಭೂತಗನ್ನಡಿಯಂಥದ್ದನ್ನು ಚುಕ್ಕೆಯ ಮೇಲಿಟ್ಟು ನೋಡಿದರು. ಮತ್ತೊಮ್ಮೆ ನೋಡಿದರು. ಆಮೇಲೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದರು. ಚುಕ್ಕೆ ನನ್ನ ಕಾಲಿನಿಂದ ಹತ್ತಿಗೆ ವರ್ಗವಾಯಿತು.

"ಅಯ್ಯಯ್ಯೋ! ಯಾಕಮ್ಮಾ ಒರೆಸ್ಬಿಟ್ಟೆ? ದೃಷ್ಟಿ ಬೊಟ್ಟು ಕಣಮ್ಮಾ ಅದು!" ಎಂದಳು ಅಮ್ಮ.

ಆದದ್ದಿಷ್ಟು. ನಾನು ಸೊಪ್ಪಿನ ಹೊರೆ ಹೊತ್ತು ಬರುವುದನ್ನು ನೋಡಿ ಪಕ್ಕದ ಮನೆ ಭಾರತಮ್ಮ "ಆಪರೇಷನ್ ಆದೋನು ಅಂತ ಯಾರಾದ್ರೂ ಅಂತಾರಾ? ಗುಂಡ್ಕಲ್ಲಂಗವ್ನೆ" ಎಂದಳಂತೆ. ಅವತ್ತಿನಿಂದ ನಾನು ಮಧ್ಯಾಹ್ನ ಮಲಗಿದಾಗ ಅಮ್ಮ ಹರಳೆಣ್ಣೆ ಕಾಡಿಗೆಯನ್ನು ಅಂಗಾಲಿಗೆ ಒತ್ತುತ್ತಿದ್ದಳು. ನನ್ನ ಕಾಲಿನ ಬಿರುಕುಗಳು ಅದನ್ನು ಭದ್ರವಾಗಿ ಹಿಡಿದಿಟ್ಟುಕೊಂಡಿದ್ದವು.

"ಅತ್ತೆ, ಒಂದ್ಮಾತು ಹೇಳ್ಬಾರ್ದಿತ್ತಾ?" ಎಂದಳು ಸರಳಾ.

"ನೀವ್ ನಂಗೆ ಹೇಳಿದ್ರಾ? ಮಾಮೂಲಿ ಚೆಕಪ್ಪಂತೆ!"

ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಆಮೇಲೆ, ಬಂದದ್ದು ಒಳ್ಳೆಯದೇ ಆಯಿತು, ಹೊಸದೇನೇ ಕಂಡರೂ ಹೀಗೇ ಓಡಿಬನ್ನಿ, ಸುಳ್ಳಾದರೆ ಸಂತೋಷ ಎಂದರು. ಕಾಡಿಗೆಯನ್ನು ಮಾತ್ರ ನಿಷೇಧಿಸಿದರು. ಅಮ್ಮ ಚೌಕಾಸಿಗಿಳಿದಳು: ಉಪ್ಪು, ಮೆಣಸಿನಕಾಯಿ ನಿವಾಳಿಸಬಹುದೇ? ಅದಕ್ಕೆ ವೈದ್ಯಶಾಸ್ತ್ರದ ಅಭ್ಯಂತರವಿಲ್ಲವಂತೆ.

ಇಷ್ಟೇ ಕಥೆ. ಇನ್ನು ಅಳಬೇಡ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು.

ಇತಿ,
ಕಲೆಯಿಲ್ಲದ ಬಲಗಾಲಿನ ನಿನ್ನ ಅಣ್ಣ,
ಮುನಿಕೃಷ್ಣ

ವಿ.ಸೂ.: 21 ಜೂನ್. ಕಾಗದವನ್ನು ಇಷ್ಟು ದಿನ ಮಡಿಸಿಟ್ಟಿದ್ದೆ. ಅವತ್ತು ಆಸ್ಪತ್ರೆಯಲ್ಲಿ ಅಮ್ಮನನ್ನು ಕಾಫಿಗೆ ಕಳಿಸಿದ ಮೇಲೆ ಡಾಕ್ಟರಮ್ಮ ಮೈಯೆಲ್ಲ ನೋಡಿದರು. ಬೆನ್ನಿನ ಮೇಲೆ ಒಂದು ಮಚ್ಚೆ ಅವರಿಗೆ ಹಿಡಿಸಲಿಲ್ಲ. ತೆಗೆದು ಪರೀಕ್ಷೆಗೆ ಕಳಿಸಿದರು. ನಿನ್ನ ಫೋನ್ ಎತ್ತದಿದ್ದದ್ದು ಅದಕ್ಕೆ. ಇವತ್ತು ರಿಪೋರ್ಟ್ ಬಂತು: ಬರೀ ಮಚ್ಚೆ, ಏನೂ ಇಲ್ಲ. ಇಷ್ಟು ದಿನ ಸರಳಾ ನನ್ನನ್ನು ಒಂದು ಸಲವೂ ಬೈಯಲಿಲ್ಲ ಗಂಗಾ, ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಿದ್ದಳು. ನನ್ನನ್ನು ಹೆದರಿಸಿದ್ದು ಅದು. ಈಗ ತಾನೇ, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದದ್ದಕ್ಕೆ ಬೀದಿಗೆಲ್ಲ ಕೇಳುವಂತೆ ಬೈದಳು. ನಾನು ಕೈಕಟ್ಟಿ ನಿಂತು ಪೂರ್ತಿ ಕೇಳಿಸಿಕೊಂಡೆ.