ಉಂಗುರಕ್ಕೆ ಬಿಟ್ಟ ಸಡಿಲ

ಅಂಗಡಿಯ ಮೇಲಿನ ಮನೆಯಿಂದ
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಬಾಯಿಬಡುಕಿ ಮಗಳೇ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೋ, ಇಲ್ಲ ಅದೂ ನಿನ್ನ ಜೊತೆ ರೈಲು ಓಡಿಸುತ್ತಿದೆಯೋ? ಇಂಜಿನ್ನಿನ ಕಿಟಕಿ ತೆರೆದಿಟ್ಟುಕೊಂಡು ಗಾಳಿಗೆ ಮುಖ ಒಡ್ಡಬೇಡ ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯನಾಗುವವನನ್ನೂ ಕೇಳಿದೆನೆಂದು ಹೇಳು. ಅವನ ಮದುವೆಯ ಕೋಟಿನ ತೋಳು ಒಂದು ಬೆರಳು ಉದ್ದವಾಗಿತ್ತು, ಸರಿಮಾಡಿದ್ದೇನೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಈಗ ಉಂಗುರದ ವಿಷಯ. ನಿನ್ನ ಅಮ್ಮನ ಉಂಗುರದಲ್ಲಿದ್ದ ಪಚ್ಚೆಯನ್ನು, ಅವಳ ಅಜ್ಜಿಯ ಕಾಲದಿಂದ ಬಂದ ಆ ಕಲ್ಲನ್ನು, ನಿನ್ನ ಮದುವೆಗೆ ಹೊಸ ಉಂಗುರದಲ್ಲಿ ಕೂರಿಸಿಕೊಡು ಎಂದೆಯಲ್ಲ, ಎಷ್ಟು ಖರ್ಚಾಯಿತು ಎಂದು ಮೂರು ಸಲ ಕೇಳಿದ್ದೀಯ. ಅಕ್ಕಸಾಲಿಗ ಮೊದಲು ಹೇಳಿದ ಮೊತ್ತ ಕೇಳಿ, ಕಲ್ಲು ನಮ್ಮದು, ಹಳೇ ಚಿನ್ನವೂ ನಮ್ಮದೇ, ಇನ್ನು ನಿನ್ನದೇನಯ್ಯಾ ಎಂದೆ. ಆತ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ, "ಬಟ್ಟೆ ಗಿರಾಕೀದು, ದಾರಾನೂ ಗಿರಾಕೀದು ಅಂದ್ರೆ ನೀವು ಪುಕ್ಕಟೆ ಹೊಲ್ಕೊಡ್ತೀರಾ?" ಎಂದ. ಸರಿ, ಲೆಕ್ಕ ಹೇಳಯ್ಯಾ ಎಂದೆ. ಮೇಣದ ಅಚ್ಚು, ಎರಕ, ಕಲ್ಲು ಕೂರಿಸುವ ಕೂಲಿ, ಪಾಲಿಷ್ ಎಲ್ಲ ಸೇರಿ ಒಂಬತ್ತು ಕೋಟುಗಳ ಹೊಲಿಗೆ. ದರ್ಜಿಯ ಲೆಕ್ಕ ಕೋಟಿನಲ್ಲೇ ಅಲ್ಲವೇ! ಕೊಟ್ಟಾಯಿತು, ನೀನು ಬ್ಯಾಗಿಗೆ ಕೈ ಹಾಕಬೇಡ. ಕೆಲಸ ಮಾತ್ರ ಹೊಟ್ಟೆಕಿಚ್ಚಾಗುವಷ್ಟು ಚೆಂದ. ಕಲ್ಲು ಕದಲದಂತೆ ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಹಿಡಿ, ಒಂದೂ ಸೊಟ್ಟಗಿಲ್ಲ. ಕಿಟಕಿಯ ಬಳಿ ಹಿಡಿದು ನೋಡಿ ಸ್ವಲ್ಪ ಅತ್ತೆ. ಯಾರಿಗೂ ಹೇಳಬೇಡ.

ಆದರೆ ಒಂದು ಎಡವಟ್ಟಾಗಿದೆ. ಉಂಗುರ ನಿನಗೆ ದೊಡ್ಡದಾಗುತ್ತದೆ. ನೀನು ಬೆರಳಿಗೆ ಸುತ್ತಿ, ಗುರುತು ಹಾಕಿ ಕಳಿಸಿದ ಕಾಗದದ ಪಟ್ಟಿ ಸರಿಯಾಗಿಯೇ ಇತ್ತು. ಅದನ್ನು ನೋಡಿ ಬೇರೆ ಪಟ್ಟಿ ಕತ್ತರಿಸಿ ಅಕ್ಕಸಾಲಿಗನಿಗೆ ಕೊಟ್ಟವನು ನಾನು. ನಲವತ್ತು ವರ್ಷದ ಚಾಳಿ ನೋಡು, ಬೆಳೆಯುವ ಮಕ್ಕಳ ಅಂಗಿಗೆ ಬಿಡುವ ಹಾಗೆ ಒಂದಿಷ್ಟು ಸಡಿಲ ಬಿಟ್ಟುಬಿಟ್ಟೆ. ಹುಟ್ಟುಗುಣ ಸುಟ್ಟರೂ ಹೋಗದು. ಹೀಗಾಯಿತು ಎಂದು ಹೇಳಿದಾಗ ಅಕ್ಕಸಾಲಿಗ, "ಉಂಗುರಕ್ಕೂ ಒಳಮಡಿಕೆ ಇಡ್ತಾರೇನ್ರೀ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ನಿಂತ ಮೇಲೆ ಹೇಳಿದ್ದು ನಗುವ ಮಾತಲ್ಲ. ಚಿಕ್ಕದು ಮಾಡಬೇಕಾದರೆ ಚಿನ್ನ ಕಾಯಿಸಬೇಕು. ಪಚ್ಚೆ ಬಿಸಿ ತಾಳುವುದಿಲ್ಲ, ಹಾಗಾಗಿ ಕಲ್ಲು ಮತ್ತೆ ಬಿಚ್ಚಬೇಕು. ನಮ್ಮ ಕಲ್ಲಿನ ಒಳಗೆ ಒಂದು ಸೀಳುಗೆರೆ ಇದೆಯಂತೆ. ಮೊದಲ ಸಲ ಬಿಚ್ಚುವಾಗಲೇ ಆತ ಉಸಿರು ಬಿಗಿಹಿಡಿದಿದ್ದನಂತೆ. "ಈ ಸಲ ಒಡೆದ್ರೆ ನನ್ನ ಕೇಳ್ಬೇಡಿ, ಬರ್ದು ಸಹಿ ಹಾಕ್ಕೊಡಿ" ಎನ್ನುತ್ತಾನೆ. ಕೂಲಿ ಇನ್ನೆರಡು ಕೋಟು, ಅದು ಹಾಳಾಗಿ ಹೋಗಲಿ. ಕಲ್ಲೇ ಹೋದರೆ ಯಾವ ಅಂಗಡಿಯಿಂದ ತರಲಿ? ಅದು ನಿನ್ನ ಕಲ್ಲು, ಸಹಿ ನಾನು ಹಾಕಲಾರೆ. ಬೇಡವೆಂದರೆ ಉಂಗುರದ ಹಿಂಬದಿಗೆ ಹಸಿರು ರೇಷ್ಮೆ ದಾರ ಸುತ್ತಿಕೊಡುತ್ತೇನೆ; ಗಂಟು ಎಲ್ಲಿದೆಯೆಂದು ನಿನ್ನ ಅತ್ತೆಯಾಗುವವರು ಕನ್ನಡಕ ಹಾಕಿಕೊಂಡು ಹುಡುಕಿದರೂ ಸಿಗಬಾರದು, ಹಾಗೆ. ಮದುವೆಗೆ ಮೂರೇ ವಾರ ಉಳಿದಿದೆ, ಬೇಗ ತಿಳಿಸು. ಬೈಯುವುದಿದ್ದರೆ ಧಾರಾಳವಾಗಿ ಬೈದು ಬರೆ.

ನಿನ್ನ ಹಾದಿಯುದ್ದಕ್ಕೂ ಒಳ್ಳೆಯದಾಗಲಿ. ನೂರು ಕಾಲ ತಣ್ಣಗೆ ಬಾಳು.

ನಿನ್ನ
ದರ್ಜಿ ಅಪ್ಪ

ಮರೆತಿದ್ದಲ್ಲ, ಬಿಟ್ಟಿದ್ದು: ಅಂಟು ಹಚ್ಚಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಚಾಳಿ ಎಂದು ಮೇಲೆ ಬರೆದದ್ದು ಸುಳ್ಳು. ಬೇಕೆಂದೇ ದೊಡ್ಡದು ಮಾಡಿಸಿದೆ. ಅಮ್ಮನ ಉಂಗುರ ಯಾಕೆ ತುಂಡಾಗಿದೆ ಎಂದು ನೀನು ಕೇಳಿದಾಗ ಅಕ್ಕಸಾಲಿಗ ಕತ್ತರಿಸಿದ ಎಂದಿದ್ದೆ. ಅಲ್ಲ ಪುಟ್ಟಿ. ಆಸ್ಪತ್ರೆಯಲ್ಲಿ ಆ ಕೊನೆಯ ವಾರ ಅವಳ ಬೆರಳು ಊದಿ ನೀಲಿಗಟ್ಟಿತ್ತು. ನೀನು ಔಷಧಿ ತರಲು ಕೆಳಗೆ ಹೋಗಿದ್ದೆ. ನರ್ಸ್ ಸಣ್ಣದೊಂದು ಗರಗಸ ತಂದರು. "ನೋವಾದ್ರೆ ಆಗ್ಲಿ, ಬೇಡ ಅನ್ರೀ, ಅದನ್ನ ಮಗಳಿಗೆ ಹಾಗೇ ಕೊಡ್ಬೇಕು" ಎಂದು ಅವಳು ನನ್ನನ್ನು ಬೇಡಿಕೊಂಡಳು. ನಾನು ಅವಳ ಕೈ ಅದುಮಿ ಹಿಡಿದು, ಕತ್ತರಿಸಿ ಎಂದೆ. ಅಂಥದೊಂದು ದಿನ ನಿನ್ನ ಬೆರಳಿಗೆ ಬರಬಾರದು ಎಂದೇ ಸಡಿಲ ಬಿಟ್ಟೆ. ಚಿಕ್ಕದು ಮಾಡಿಸು ಎಂದರೆ ಮಾಡಿಸುತ್ತೇನೆ, ಖಂಡಿತ. ಆದರೆ ಕಲ್ಲು ಬಿಚ್ಚುವ ದಿನ ರಜೆ ಹಾಕಿ ಬಾ. ಒಬ್ಬನೇ ಪಕ್ಕದಲ್ಲಿ ನಿಂತು ನೋಡುವುದು ಇನ್ನೊಂದು ಸಲ ನನ್ನಿಂದಾಗದು.