ಕೆಂಪು ಹಚ್ಚಿದ ಸೆನ್ಸರ್

ಶೆಡ್ಡಿನಿಂದ,
ಭಾನುವಾರ ಸಂಜೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಭುಜದ ನೋವು ಇಳಿಯಿತೇ? ಹೊಸ ಊರಿನ ನೀರು ಒಗ್ಗಿತೇ? ಎಷ್ಟೇ ಸಿಟ್ಟಿದ್ದರೂ ಕ್ಷೇಮ ವಿಚಾರಿಸದೆ ಕಾಗದ ಶುರು ಮಾಡುವುದು ನನಗೆ ಬರುವುದಿಲ್ಲ. ಸಿಟ್ಟು ಯಾಕೆ ಅಂತ ಹೇಳುತ್ತೇನೆ, ಕೂತು ಓದು.

ನನ್ನ ಕಾರಿನ ಕಥೆ ನಿನಗೆ ಗೊತ್ತೇ ಇದೆ. ಕಪ್ಪು ಹೊಗೆ, ನಿಂತಲ್ಲೇ ಪೆಟ್ರೋಲ್ ವಾಸನೆ, ಪ್ಲಗ್ ಬಿಚ್ಚಿದರೆ ಕಾಡಿಗೆಯಂಥ ಮಸಿ. ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿದೆ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು, ಯಾಕೆ ಅನ್ನುವುದು ಸಿಗಲಿಲ್ಲ. ಏರ್ ಫಿಲ್ಟರ್ ಬದಲಿಸಿದೆ, ಇಂಜೆಕ್ಟರ್ ಬಿಚ್ಚಿ ತೊಳೆದೆ. ಫೋನ್ ಮಾಡಿದಾಗೆಲ್ಲ ನೀನು ನಗುತ್ತಿದ್ದೆ. "ಕಾಲು ಭಾರ ಕಣೇ ನಿಂದು, ಆಕ್ಸಿಲರೇಟರ್ ಮೇಲೇ ಕೂತ್ಕೋತೀಯ" ಅನ್ನುತ್ತಿದ್ದೆ. ನಾನೂ ನಕ್ಕೆ. ಆಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿಸಿಯೂ ನೋಡಿದೆ, ಪೆದ್ದಿ ನಾನು.

ಮುಟ್ಟದೆ ಬಿಟ್ಟಿದ್ದು ಒಂದನ್ನೇ, ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರ್. ಹೊರಡುವ ದಿನ ನೀನೇ, "ಅದನ್ನ ಹೊಸದು ಹಾಕಿದೀನಿ, ಕೈ ಹಚ್ಚಬೇಡ" ಅಂದಿದ್ದೆಯಲ್ಲ. ಬೇರೆ ಯಾರು ಹೇಳಿದ್ದರೂ ಮೊದಲು ಅದನ್ನೇ ನೋಡುತ್ತಿದ್ದೆ. ಇವತ್ತು ಬೇರೆ ದಾರಿ ಕಾಣದೆ ಅದಕ್ಕೆ ಮೀಟರ್ ಹಿಡಿದೆ. ಎಂಜಿನ್ ಕೈ ಸುಡುತ್ತಿದೆ, ಸೆನ್ಸರ್ ಮಾತ್ರ ಇನ್ನೂ ತಣ್ಣಗಿದೆ ಅನ್ನುತ್ತಿದೆ. ಅದರ ಮಾತು ನಂಬಿ ಗಾಡಿಯ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇದೆ. ಪಾಪ, ಅದನ್ನೇನು ಬೈಯಲಿ.

ಬಿಚ್ಚಿ ನೋಡಿದೆ. ಕೆಟ್ಟ ಸಾಮಾನನ್ನು ಯಾರೂ ಮರೆತು ಮತ್ತೆ ಹಾಕದಿರಲಿ ಅಂತ ಅಮ್ಮನ ನೇಲ್ ಪಾಲಿಶ್ ಹಚ್ಚಿ ಅಪ್ಪ ಡಬ್ಬಿಗೆ ಹಾಕುತ್ತಾರಲ್ಲ, ಆ ಕೆಂಪು ತಿರುಪಿನ ಸಂದಿಯಲ್ಲಿತ್ತು. ಮೇಲಿನದನ್ನೆಲ್ಲ ನೀನು ಉಜ್ಜಿ ತೆಗೆದಿದ್ದೀಯ. ಮರೆತು ಹಾಕಿದವನು ಉಜ್ಜುವುದಿಲ್ಲ ಅಣ್ಣಾ.

ಈ ರಿಪೇರಿ ಶೆಡ್ ಯಾರಿಗೆ ಅನ್ನುವುದನ್ನು ಅಪ್ಪ ಈ ತಿಂಗಳು ತೀರ್ಮಾನಿಸುತ್ತಾರೆ. ಅದನ್ನು ನಡೆಸಬೇಕು ಅಂತ ನನಗೆ, ಮಾರಿ ನಿನ್ನ ಊರಲ್ಲೊಂದು ಹೊಸದು ಹಾಕಬೇಕು ಅಂತ ನಿನಗೆ. "ತನ್ನ ಗಾಡಿನೇ ರಿಪೇರಿ ಮಾಡ್ಕೊಳ್ಳೋಕೆ ಬರ್ದೋಳು ಶೆಡ್ ಏನು ನಡೆಸ್ತಾಳೆ" ಅಂತ ನೀನು ಅವರ ಕಿವಿಯೂದಿದ್ದನ್ನು ಅಮ್ಮ ಹೇಳಿದಳು. ನನ್ನ ಕೈಗೆ ಸ್ಪ್ಯಾನರ್ ಕೊಟ್ಟು ಕಲಿಸಿದವನೇ ನೀನು. ಬಾಯಿಬಿಟ್ಟು ಕೇಳಿದ್ದರೆ ಜಗಳ ಆಡುತ್ತಿದ್ದೆವು, ಆಮೇಲೆ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದೆವು.

ಹೊಸ ಸೆನ್ಸರ್ ಹಾಕಿದ್ದೇನೆ, ಹೊಗೆ ನಿಂತಿದೆ. ಅಪ್ಪ ಇನ್ನೇನು ಬರುತ್ತಾರೆ. ಅರ್ಧಂಬರ್ಧ ಕೆಲಸ ಕಂಡರೇ ಆಗದ ಮನುಷ್ಯ, ಇದನ್ನು ಸುಮ್ಮನೆ ಬಿಡುತ್ತಾರೆಯೇ? ಅವರೊಬ್ಬರು ನ್ಯಾಯ ಹೇಳಿದರೆ ನನಗೆ ಸಾಕು.

ಅತ್ತಿಗೆಗೆ ನಮಸ್ಕಾರ ತಿಳಿಸು, ಪುಟ್ಟಿಗೆ ಮುತ್ತು ಕೊಡು. ಅವರ ಮೇಲೆ ನನಗೆ ಸಿಟ್ಟಿಲ್ಲ.

ನಿನ್ನ ತಂಗಿ,
ಭಾರದ ಕಾಲಿನವಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದರು. ಬಿಚ್ಚಿದ ಸೆನ್ಸರನ್ನು ಅವರ ಅಂಗೈಯಲ್ಲಿಟ್ಟೆ. ಏನು, ಎಲ್ಲಿತ್ತು ಅಂತಲೂ ಕೇಳಲಿಲ್ಲ. ಸಂದಿಯ ಕೆಂಪನ್ನು ಉಗುರಿನಿಂದ ಕೆರೆದು, ತಮ್ಮಷ್ಟಕ್ಕೇ, "ಸರಿಯಾಗಿ ಉಜ್ಜು ಅಂತ ಹೇಳಿದ್ದೆ ಅವನಿಗೆ" ಅಂದರು. ಇನ್ನು ಯಾರ ಹತ್ತಿರ ಹೋಗಲಿ, ನೀನೇ ಹೇಳು.