ಬೀದಿ ಕೊಟ್ಟ ಅರ್ಧ ಗಂಟೆ

ವಿದ್ಯುತ್ ಸಂಗ್ರಹ ಘಟಕಕ್ಕೆ ಅನುಮತಿ ಕೊಟ್ಟ ಮಾನ್ಯ ಅಧಿಕಾರಿಗಳೇ,

ನೀವು ಅಳೆದದ್ದು ಘಟಕದ ಶಬ್ದವನ್ನಲ್ಲ, ನಮ್ಮ ಸೌಜನ್ಯವನ್ನು. ನನ್ನ ಕೋಣೆಯ ಹಿಂದಿನ ಗೋಡೆಯಾಚೆ ಒಟ್ಟು ನಲವತ್ತು ಬ್ಯಾಟರಿ ಕಂಟೇನರುಗಳು ಬರಲಿವೆ. ಹಗಲಿನ ಬಿಸಿಲ ಕರೆಂಟನ್ನು ಸಂಜೆಗೆ ಕಾದಿಡುತ್ತವಂತೆ. ಒಳ್ಳೆಯದೇ, ಇಡಲಿ. ನನ್ನ ತಕರಾರು ಅವನ್ನು ತಂಪಾಗಿಡುವ ಫ್ಯಾನುಗಳ ಬಗ್ಗೆ. "ಪ್ರದೇಶ ಪ್ರಶಾಂತ, ತೊಂದರೆ ಇಲ್ಲ" ಎನ್ನುತ್ತದೆ ನಿಮ್ಮ ವರದಿ. ಆ ಶಾಂತಿ ಎಲ್ಲಿಂದ ಬಂತೆಂದು ಬಲ್ಲಿರಾ?

ಮೊದಲ ಕಂಟೇನರು ಇಳಿಯುವ ಮುನ್ನವೇ ನಿಮ್ಮವರೊಬ್ಬರು ಮೀಟರು ಹಿಡಿದು ಬಂದರು. "ಅರ್ಧ ಗಂಟೆ ಎಲ್ಲಾ ನಿಲ್ಲಿಸಿ, ಶಬ್ದ ಅಳೀಬೇಕು" ಅಂದರು. ಹೊಲಿಗೆಯಕ್ಕ ಯಂತ್ರ ನಿಲ್ಲಿಸಿದರು. ಹಿಟ್ಟಿನ ಗಿರಣಿಯವನು, "ಅಳೆಯೋಕೆ ಶಬ್ದ ಬೇಕಲ್ವಾ ಸ್ವಾಮಿ?" ಎಂದು ಗೊಣಗುತ್ತಲೇ ಗಿರಣಿ ಬಂದ್ ಮಾಡಿದ. ಇಡೀ ಬೀದಿ ಉಸಿರು ಬಿಗಿಹಿಡಿದು ಕೂತದ್ದನ್ನು ನೀವು ಇನ್ನೂ ಬಾರದ ಫ್ಯಾನುಗಳ ಸದ್ಗುಣವೆಂದು ಬರೆದುಕೊಂಡಿರಿ. ಕಡತದಲ್ಲಿ ಮೌನ, ಗೋಡೆಯಲ್ಲಿ ಗಾನ!

ನನ್ನದು ಕಿವಿ ಪರೀಕ್ಷೆಯ ಕೋಣೆ. ಸದ್ಯ ಎರಡೇ ಕಂಟೇನರು ಪ್ರಯೋಗಕ್ಕೆಂದು ಓಡುತ್ತಿವೆ. ಕಳೆದ ವಾರ ಇನ್ನೂ ಸರಿಯಾಗಿ ಮಾತು ಬಾರದ ನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಅವಳಜ್ಜಿ ಕರೆತಂದರು. ಹೆಡ್‌ಫೋನಿನಲ್ಲಿ ಸದ್ದು ಕೇಳಿದಾಗಲೆಲ್ಲ ಅವಳು ಡಬ್ಬಿಗೊಂದು ಮಣಿ ಹಾಕಬೇಕು. ನಾನು ಗುಂಡಿ ಒತ್ತುವ ಮೊದಲೇ ಟಣ್ ಎಂದು ಮಣಿ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೊಂದು.

"ನೋಡಪ್ಪಾ, ಎಷ್ಟು ಚೆನ್ನಾಗಿ ಕೇಳಿಸ್ಕೊಳ್ತಾಳೆ ನನ್ನ ಬಂಗಾರಿ!" ಅಜ್ಜಿಯ ಕಣ್ಣು ತುಂಬಿತ್ತು.

"ಅಜ್ಜಿ, ಅದು ನನ್ನ ಯಂತ್ರದ್ದಲ್ಲ. ಆಚೆ ಫ್ಯಾನು ಶುರುವಾಯ್ತು."

"ಹಾಗಾದ್ರೆ ಕಿವಿ ಸರಿ ಇದೆಯೋ ಇಲ್ವೋ?"

ಇಪ್ಪತ್ತು ವರ್ಷದ ಕಸುಬಿನಲ್ಲಿ ಮೊದಲ ಬಾರಿಗೆ, ಗೊತ್ತಿಲ್ಲ ಅಂದೆ. ಮೊನ್ನೆ ಮತ್ತೆ ಬಂದಾಗಲೂ ಇದೇ ಕಥೆ; ಎರಡನೇ ಸಲವೂ ಅವರನ್ನು ಬರಿಗೈಯಲ್ಲಿ ಕಳಿಸಿದೆ. ಇನ್ನೊಂದು ಪರೀಕ್ಷಾ ಕೋಣೆಗೆ ಮೂರು ಗಂಟೆ ಬಸ್ಸು. ಮಾತು ಕಲಿಯುವ ವಯಸ್ಸು ಕಾಯುವುದಿಲ್ಲ. ಕಾಯುತ್ತಿರುವುದು ನಿಮ್ಮ ಕಚೇರಿಯಲ್ಲಿ ನನ್ನ ಮೂರು ಅರ್ಜಿಗಳು ಮಾತ್ರ. ಎರಡಕ್ಕೇ ಹೀಗೆ, ನಲವತ್ತಕ್ಕೆ ಹೇಗೆ?

ಫ್ಯಾನು ಓಡುವಾಗ ಬಂದು ಅಳೆಯಿರಿ. ಉಳಿದ ಮೂವತ್ತೆಂಟು ಬರುವ ಮುನ್ನ ಶಬ್ದ ತಡೆಯುವ ಗೋಡೆ ಕಟ್ಟಿಸಿ. ಅದಕ್ಕೆ ಸಭೆ, ಸಮಿತಿ, ಸಹಿ ಎಲ್ಲ ಆಗಬೇಕು, ಬಲ್ಲೆ. ಆದರೆ ಗುರುವಾರ ಹನ್ನೊಂದಕ್ಕೆ ಆ ಹುಡುಗಿ ಮೂರನೇ ಸಲ ಬರುತ್ತಾಳೆ. ನಿಮಗಾಗಿ ನಮ್ಮ ಬೀದಿ ಅರ್ಧ ಗಂಟೆ ಸುಮ್ಮನಿತ್ತು. ಅವಳಿಗಾಗಿ ಆ ಅರ್ಧ ಗಂಟೆ ವಾಪಸು ಕೊಡಿ.

ಇಂತಿ,
ಊರವರ ಕಿವಿ ನೋಡಿ ಕೂದಲು ನರೆತವನು,
ನಿಮ್ಮ ಕಿವಿಯೊಂದಕ್ಕೆ ಮಾತ್ರ ಸೋತವನು